ಏಣಿಯಿಂದ ಬಿದ್ದವರಿಗೂ ಒಂದು ಇಸಿಜಿ ಮಾಡಿ

ಕರಿಮೆಣಸು ಕೊಯ್ಯುವ ಹೊತ್ತಿಗೆ ಏಣಿಯಿಂದ ಬಿದ್ದವರು ಆಸ್ಪತ್ರೆಗೆ ಬರುವುದು ಕೊಡಗಿನವರಿಗೆ ಹೊಸದೇನಲ್ಲ. ತಕ್ಷಣ ಎಕ್ಸ್‌ರೇ ತೆಗೆಸುತ್ತೇವೆ. ಕಾಲು ಜಾರಿತಾ, ತಲೆ ತಿರುಗಿತಾ ಎಂದು ಕೇಳುವವರು ಕಡಿಮೆ. ವಯಸ್ಸಾದವರು ತಲೆ ತಿರುಗಿತು ಅಂದರೆ ಇಸಿಜಿ ಬೇಕೇ ಬೇಕು. ನಾಡಿ 40ರ ಆಸುಪಾಸಿನಲ್ಲಿದ್ದರಂತೂ ಬೇರೆ ಮಾತೇ ಇಲ್ಲ.

ಆದರೆ ಯಂತ್ರ ಪ್ರಿಂಟ್ ಮಾಡಿದ ಎರಡು ಸಾಲು ಓದಿ ಕಾಗದ ಮಡಚಿಡುವುದಿದೆಯಲ್ಲ, ನನ್ನ ತಕರಾರು ಅದರ ಬಗ್ಗೆ. ಹಾರ್ಟ್ ಬ್ಲಾಕ್ ವಿಷಯದಲ್ಲಿ ಆ ಸಾಲೊಂದನ್ನೇ ನಂಬಬೇಡಿ. (ಸ್ಟೆಂಟ್ ಹಾಕುವ ಬ್ಲಾಕ್ ಬೇರೆ. ಇಲ್ಲಿ ತಡೆ ಬೀಳುವುದು ರಕ್ತಕ್ಕಲ್ಲ, ಹೃದಯದ ಮೇಲಿನ ಕೋಣೆಯಿಂದ ಕೆಳಗಿಳಿಯುವ ಕರೆಂಟಿಗೆ.)

ಪಿ ಅಲೆಯ (ಮೇಲಿನ ಕೋಣೆಯ ಕರೆಂಟಿನ ಗುರುತು) ಶುರುವಿನಿಂದ ಕ್ಯೂಆರ್‌ಎಸ್ (ಕೆಳಗಿನ ಕೋಣೆಯ ಚೂಪು ಗೆರೆ) ಶುರುವಿನವರೆಗೆ ಚೌಕ ಎಣಿಸಿ. ಇದೇ ಪಿಆರ್ ಅಂತರ. ಮಾಮೂಲಿ ವೇಗದ ಕಾಗದದಲ್ಲಿ ಒಂದು ಚಿಕ್ಕ ಚೌಕ 0.04 ಸೆಕೆಂಡ್. ಐದು ದಾಟಿದೆ, ಆದರೆ ಒಂದು ಬಡಿತವೂ ತಪ್ಪಿಲ್ಲ ಅಂದರೆ ಫಸ್ಟ್ ಡಿಗ್ರಿ ಬ್ಲಾಕ್. ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ನೋಡಿ.

ನಮಗೆ ತಲೆನೋವು ತರುವುದು ಸೆಕೆಂಡ್ ಡಿಗ್ರಿ. ಅದರಲ್ಲಿ ಎರಡು ಬಗೆ: ವೆಂಕೆಬಾಕ್, ಮೋಬಿಟ್ಜ್ ಟೂ. ವೆಂಕೆಬಾಕ್‌ನಲ್ಲಿ ಪಿಆರ್ ಅಂತರ ಹಿಗ್ಗುತ್ತಾ ಹೋಗಿ ಒಂದು ಬಡಿತ ತಪ್ಪುತ್ತದೆ. ವೆಂಕೆಬಾಕ್ ಎಂಬ ವೈದ್ಯರು ಇದನ್ನು 1899ರಲ್ಲಿ, ಇಸಿಜಿ ಬಳಕೆಗೆ ಬರುವ ಮೊದಲೇ, ನಾಡಿಯ ಗೆರೆ ನೋಡಿ ಹಿಡಿದಿದ್ದರು. ನಮಗೆ ಕಾಗದ ಕೈಯಲ್ಲಿದ್ದರೂ ಎಣಿಸಲು ಬೇಜಾರು! ಮೋಬಿಟ್ಜ್ ಟೂನಲ್ಲಿ ಅಂತರ ಬದಲಾಗುವುದಿಲ್ಲ, ಇದ್ದಕ್ಕಿದ್ದಂತೆ ಕ್ಯೂಆರ್‌ಎಸ್ ಮಾಯ. ವೆಂಕೆಬಾಕ್ ಆರೋಗ್ಯವಂತ ಆಟಗಾರರಲ್ಲೂ ನಿದ್ದೆಯಲ್ಲಿ ಕಾಣಬಹುದು. ಮೋಬಿಟ್ಜ್ ಟೂ ಹಾಗಲ್ಲ. ಯಾವ ಗಳಿಗೆಯಲ್ಲಾದರೂ ಪೂರ್ತಿ ಬ್ಲಾಕ್ ಆಗಬಹುದು. ನಾಡಿ ಹೆಚ್ಚಿಸುವ ಅಟ್ರೋಪಿನ್ ಇಂಜೆಕ್ಷನ್ ಕೈಹಿಡಿಯುತ್ತದೆ ಎಂಬ ಭರವಸೆ ಇಲ್ಲ, ಸಾಮಾನ್ಯವಾಗಿ ಪೇಸ್‌ಮೇಕರೇ ಬೇಕು. ಎರಡು ಪಿಗೆ ಒಂದೇ ಕ್ಯೂಆರ್‌ಎಸ್ ಬರುತ್ತಿದ್ದರೆ ಅವಸರದಲ್ಲಿ ಹೆಸರಿಡಬೇಡಿ. ಅಂತರ ಹಿಗ್ಗಿತಾ ಎಂದು ನೋಡಲು ಸಾಲಾಗಿ ಎರಡು ಬಡಿತವೇ ಇಲ್ಲ ಅಲ್ವಾ? ಲೀಡ್ ಟೂನಲ್ಲಿ (ಇಸಿಜಿಯ ಒಂದು ನೋಟ) ಉದ್ದದ ಪಟ್ಟಿ ತೆಗೆಯಿರಿ.

ಥರ್ಡ್ ಡಿಗ್ರಿ, ಅಂದರೆ ಪೂರ್ತಿ ಬ್ಲಾಕ್‌ನಲ್ಲಿ ಪಿ ತನ್ನ ಪಾಡಿಗೆ, ಕ್ಯೂಆರ್‌ಎಸ್ ತನ್ನ ಪಾಡಿಗೆ. ಎರಡೂ ಕ್ರಮವಾಗಿ ಬರುವುದರಿಂದ ಕಣ್ಣಿಗೆ ಮೋಸ ಜಾಸ್ತಿ. ಒಂದು ಚೀಟಿಯ ಅಂಚಿಗೆ ಎರಡು ಪಿಗಳ ಗುರುತು ಹಾಕಿ ಸರಿಸುತ್ತಾ ಹೋಗಿ. ಕ್ಯೂಆರ್‌ಎಸ್ ಆದಮೇಲೆ ಬರುವ ಟಿ ಅಲೆಯೊಳಗೆ ಅಡಗಿದ ಪಿಗಳೂ ಸಿಗುತ್ತವೆ.

ಇಷ್ಟೆಲ್ಲ ಯಾಕೆ ಅಂದರೆ, ಪೇಸ್‌ಮೇಕರ್‌ಗೆಂದು ಮೈಸೂರಿಗೆ ಹೊರಟರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದರೆ ಹೊತ್ತು ಎಷ್ಟಾಗುತ್ತದೋ. ಮೋಬಿಟ್ಜ್ ಟೂ ಇದ್ದವರನ್ನು 'ಬೆಳಿಗ್ಗೆ ಕಳಿಸೋಣ' ಎಂದು ಇಟ್ಟುಕೊಳ್ಳುವಂತಿಲ್ಲ. ಪೇಸಿಂಗ್ ಪ್ಯಾಡ್ (ಎದೆಯ ಮೇಲಿಂದಲೇ ಹೃದಯಕ್ಕೆ ಕರೆಂಟ್ ಕೊಡುವ ಪಟ್ಟಿ) ಇರುವ ಆಂಬುಲೆನ್ಸ್‌ನಲ್ಲೇ ಹೋಗಬೇಕು, ಜೀಪಿನಲ್ಲಲ್ಲ.

ಮನೆಯವರಿಗೊಂದು ಮಾತು: ಹಳೆಯ ಇಸಿಜಿಯ ಫೋಟೋ ಫೋನಿನಲ್ಲಿರಲಿ. ಆ ಕಾಗದ ಬೇಗ ಮಾಸುತ್ತದೆ, ಬ್ಲಾಕ್ ಹೊಸದಾ ಹಳೆಯದಾ ಎಂದು ಡಾಕ್ಟರ್ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.