ಮೋಲ್ಡ್ ಹಾಕುವ ಮುಂಚೆ ಗೊತ್ತಾಗಬೇಕಿದ್ದ ವಿಷಯ

ನಮ್ಮ ಭಾಮೈದ ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಮೂವತ್ತು ನಲವತ್ತು ಸೈಟು. ಕಳೆದ ವಾರ ಫೋನ್ ಮಾಡಿ, "ಭಾವ, ಕರೆಂಟ್ ಉಳಿಸೋ ಮನೆಗೆ ಏನೇನೋ ಹೊಸ ರೂಲ್ಸ್ ಬಂದಿದೆಯಂತೆ, ನಮಗೂ ಅನ್ವಯಿಸುತ್ತಾ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಮನೆ ಕಟ್ಟಿಸುವವರು ಇದ್ದರೆ ಓದಿ.

ನಾವು ಬೆಂಗಳೂರಿನಲ್ಲಿ ಮನೆ ಕಟ್ಟಿದ್ದು 2019ರಲ್ಲಿ. ಮಹಡಿ ಮೇಲೆ ಪಶ್ಚಿಮಕ್ಕಿರುವ ರೂಮು ಮಗಳದ್ದು. ಏಪ್ರಿಲ್ ಬಂತೆಂದರೆ ರಾತ್ರಿ ಹತ್ತು ಗಂಟೆಗೂ ಗೋಡೆ ಬೆಚ್ಚಗಿರುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ಆ ಶಾಖವನ್ನು ರಾತ್ರಿ ಒಳಗೆ ಬಿಡುತ್ತದೆ. ಮಗಳು ಹಾಸಿಗೆ ಎತ್ತಿಕೊಂಡು ಕೆಳಗೆ ಹಾಲಿಗೆ ಬಂದು ಮಲಗುತ್ತಾಳೆ.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಮನೆಗಳಿಗೆಂದೇ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿ ತಂದದ್ದು 2018ರ ಡಿಸೆಂಬರ್‌ನಲ್ಲಿ. ನಾವು ಪಾಯ ತೆಗೆಯುವುದಕ್ಕೂ ಮುಂಚೆ! ಗೋಡೆ, ತಾರಸಿ, ಕಿಟಕಿ ಹೇಗಿದ್ದರೆ ಶಾಖ ಒಳಗೆ ಬರುವುದಿಲ್ಲ ಅಂತ ಅದರಲ್ಲಿ ಲೆಕ್ಕ ಸಮೇತ ಇದೆ. ನಮ್ಮ ಪ್ಲಾನ್ ಬರೆದ ಎಂಜಿನಿಯರ್ ಆ ಹೆಸರನ್ನೇ ಎತ್ತಲಿಲ್ಲ. ಎತ್ತಬೇಕೆಂಬ ಒತ್ತಾಯವೂ ಅವರಿಗಿರಲಿಲ್ಲ. ಆ ನಿಯಮ ಇದ್ದದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಸೈಟಿಗೆ. ಮೂವತ್ತು ನಲವತ್ತು ಅಂದರೆ ಬರೀ 111 ಚದರ ಮೀಟರ್. ನಮ್ಮ ಬೀದಿಯ ಒಂದು ಮನೆಯೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬಿಸಿಲು ಸೈಟಿನ ಅಳತೆ ನೋಡಿಕೊಂಡು ಬೀಳುತ್ತಾ?

ನಿಯಮ ಬದಲಾಗುತ್ತಲೂ ಇದೆ. 2021ರಲ್ಲಿ ಎರಡನೇ ಭಾಗ ಬಂತು. 2022ರಲ್ಲಿ ಇದರ ಹಿಂದಿರುವ ಇಂಧನ ಸಂರಕ್ಷಣಾ ಕಾಯ್ದೆಗೇ ತಿದ್ದುಪಡಿ. 2024ರಲ್ಲಿ ಮತ್ತೆ ಹೊಸ ಆವೃತ್ತಿ. ಫ್ಯಾನಿಗೂ 2023ರ ಜನವರಿಯಿಂದ ಸ್ಟಾರ್ ಗುರುತು ಕಡ್ಡಾಯ. ಸಂಬಳದ ಕೆಲಸ ನೋಡಿಕೊಂಡು, ಸಾಲದ ಕಂತು ಹೊಂದಿಸಿಕೊಂಡು ಮನೆ ಕಟ್ಟುವವರು ಇದನ್ನೆಲ್ಲ ಹಿಂಬಾಲಿಸಲು ಆಗುವುದಿಲ್ಲ. ಅದಕ್ಕೇ ಭಾಮೈದನಿಗೆ ಒಂದೇ ಮಾತು ಹೇಳಿದೆ. ಫ್ಯಾನ್, ಎಸಿ, ಲೈಟ್ ಯಾವಾಗ ಬೇಕಾದರೂ ಬದಲಾಯಿಸಬಹುದು, ಅದರ ಚಿಂತೆ ಈಗ ಬೇಡ. ಕಟ್ಟಿದ ಮೇಲೆ ಬದಲಾಯಿಸಲು ಆಗದ್ದನ್ನು ಈಗಲೇ ನೋಡಿಕೋ.

ಮೊದಲು ಕಿಟಕಿ. ಬೆಂಗಳೂರಿನಂಥ ಹವೆಯ ಊರಲ್ಲಿ ಕಾರ್ಪೆಟ್ ಏರಿಯಾದ, ಅಂದರೆ ಗೋಡೆ ಬಿಟ್ಟು ಒಳಗೆ ಸಿಗುವ ನೆಲದ, ಶೇ. 12.5ರಷ್ಟಾದರೂ ತೆರೆಯುವ ಕಿಟಕಿ ಬಾಗಿಲು ಇರಬೇಕು ಅನ್ನುತ್ತದೆ 2018ರ ಆ ನಿಯಮ. ಕರಾವಳಿಯಂಥ ಸೆಕೆಯ ಕಡೆ ಇದು ಶೇ. 16.66. ಇಲ್ಲಿ 'ತೆರೆಯುವ' ಅನ್ನೋದೇ ಮುಖ್ಯ. ಈಗ ಎಲ್ಲರೂ ಹಾಕಿಸುವ ಎರಡು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ನಾಲ್ಕಡಿಗೆ ನಾಲ್ಕಡಿ ಕಿಟಕಿ ಅಂದುಕೊಂಡರೆ ಗಾಳಿಗೆ ಸಿಗುವುದು ಎಂಟು ಚದರಡಿ. ಅಜ್ಜಿ ಮನೆಯ ಮರದ ಕಿಟಕಿ ಪೂರ್ತಿ ತೆರೆಯುತ್ತಿತ್ತು, ಅಲ್ವಾ? ಪಶ್ಚಿಮಕ್ಕೆ ದೊಡ್ಡ ಗಾಜು ಬೇಡವೇ ಬೇಡ. ಸಂಜೆಯ ಬಿಸಿಲು ಓರೆಯಾಗಿ ಬರುತ್ತದೆ, ಮೇಲಿನ ಸಜ್ಜಾ ಒಂದೇ ಅದನ್ನು ತಡೆಯುವುದಿಲ್ಲ.

ಆಮೇಲೆ ತಾರಸಿ. ತಾರಸಿಯಿಂದ ಶಾಖ ದಾಟುವುದಕ್ಕೆ ಆ ನಿಯಮದಲ್ಲಿ ಒಂದು ಮಿತಿ ಇಟ್ಟಿದ್ದಾರೆ. ಮೇಲೆ ಏನೂ ಹೊದಿಸದ ಆರ್‌ಸಿಸಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಶಾಖ ಒಳಗೆ ಬಿಡುತ್ತದೆ. ವಾಟರ್‌ಪ್ರೂಫಿಂಗ್ ಮಾಡಿಸುವಾಗಲೇ ಶಾಖ ತಡೆಯುವ ಶೀಟು ಹಾಸಿ, ಮೇಲೆ ಬಿಳಿ ಟೈಲ್ಸ್ ಹಾಕಿದರೆ ಒಂದೇ ಕೂಲಿಯಲ್ಲಿ ಮುಗಿಯುತ್ತದೆ. ನಾನು ಹೋದ ವರ್ಷ ಬಿಳಿ ಪೇಂಟ್ ಹೊಡೆಸಿದೆ, ಸ್ವಲ್ಪ ವಾಸಿ. ಪಶ್ಚಿಮದ ಕಿಟಕಿಗೆ ಮಾತ್ರ ಏನೂ ಮಾಡಲು ಆಗಿಲ್ಲ.

ಬೆಂಗಳೂರಲ್ಲಿ ಮನೆ ಕಟ್ಟುವವರಿಗೆಲ್ಲ ಸೋಲಾರ್ ವಾಟರ್ ಹೀಟರ್ ರೂಲ್ ಗೊತ್ತು. 2007ರಿಂದ ಇದೆ. ಕರೆಂಟ್ ಕನೆಕ್ಷನ್ನಿಗೆ ಅದನ್ನು ಗಂಟು ಹಾಕಿದ್ದರಿಂದ ಪ್ಲಂಬರ್‌ವರೆಗೂ ಸುದ್ದಿ ಮುಟ್ಟಿತು. ಕಿಟಕಿ, ತಾರಸಿಯ ಮಾತು ಮೇಸ್ತ್ರಿಯವರೆಗೆ ಮುಟ್ಟಲೇ ಇಲ್ಲ. ಸಣ್ಣ ಸೈಟಿಗೆ ಕಡ್ಡಾಯ ಮಾಡಿ ಅಂತ ನಾನು ಕೇಳುತ್ತಿಲ್ಲ, ಈಗಲೇ ಓಡಾಟ ಸಾಕಾಗಿದೆ. ಮಂಜೂರಾದ ನಕ್ಷೆಯ ಜೊತೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಕೊಡಲಿ. ನಿಯಮ ಬದಲಾದಾಗ ಆ ಹಾಳೆಯೂ ಬದಲಾಗಲಿ. ಅದನ್ನು ನಾವೇ ಮೇಸ್ತ್ರಿ ಕೈಗೆ ಕೊಡುತ್ತೇವೆ.

ಭಾಮೈದ ನಿನ್ನೆ ನಕ್ಷೆಯ ಫೋಟೋ ಕಳಿಸಿದ್ದಾನೆ. ಮಕ್ಕಳ ರೂಮಿನ ದೊಡ್ಡ ಕಿಟಕಿ ಪಶ್ಚಿಮಕ್ಕೇ ಇದೆ. ಭಾನುವಾರ ಟೇಪ್ ಹಿಡಿದುಕೊಂಡು ತುಮಕೂರಿಗೆ ಹೋಗುತ್ತಿದ್ದೇನೆ. ಗೋಡೆ ಇನ್ನೂ ಸಿಲ್ ಮಟ್ಟಕ್ಕೆ, ಅಂದರೆ ಕಿಟಕಿ ಶುರುವಾಗುವ ಮಟ್ಟಕ್ಕೆ, ಬಂದಿಲ್ಲವಂತೆ.