ಕೊಂಡು ಮರೆತುಬಿಡಿ ಅನ್ನುವುದು ಎಷ್ಟು ಸರಿ?

ಪ್ರಶ್ನೆ: ನಿವೃತ್ತಿಗೆಂದು ಕೂಡಿಡುವ ಹಣವನ್ನು ಇಂಡೆಕ್ಸ್ ಫಂಡಿಗೆ (ಷೇರುಪೇಟೆಯ ಒಂದು ಸೂಚ್ಯಂಕದಲ್ಲಿರುವ ಕಂಪನಿಗಳನ್ನೆಲ್ಲ ಕೊಳ್ಳುವ ಫಂಡಿಗೆ) ಹಾಕಿ ದಶಕಗಟ್ಟಲೆ ಮುಟ್ಟದೆ ಇರುವುದು ಜಾಣತನವೇ?

ಪರ

1976ರಲ್ಲಿ ಜಾನ್ ಬೋಗಲ್ ಅಮೆರಿಕದಲ್ಲಿ ಜನಸಾಮಾನ್ಯರಿಗಾಗಿ ಮೊದಲ ಇಂಡೆಕ್ಸ್ ಫಂಡ್ ತೆರೆದಾಗ 15 ಕೋಟಿ ಡಾಲರ್ ಕೂಡಬಹುದೆಂಬ ಲೆಕ್ಕಾಚಾರವಿತ್ತು. ಬಂದದ್ದು 1.1 ಕೋಟಿ ಚಿಲ್ಲರೆ. ಪೇಟೆಯ ಪಂಡಿತರು ಅದನ್ನು ‘ಬೋಗಲ್‌ನ ಹುಚ್ಚಾಟ’ ಎಂದು ಕರೆದರು. ಸೂಚ್ಯಂಕದಲ್ಲಿರುವ ಕಂಪನಿಗಳನ್ನೆಲ್ಲ ಅದೇ ಪ್ರಮಾಣದಲ್ಲಿ ಕೊಂಡು ಕೂರುವುದಕ್ಕೆ ತಲೆ ಯಾಕೆ ಬೇಕು ಎಂಬುದು ಅವರ ಗೇಲಿ. ತಲೆ ಬೇಕಿಲ್ಲ, ನಿಜ. ಹಾಗಾಗಿ ತಲೆಗೆ ಕೊಡುವ ಸಂಬಳವೂ ಉಳಿಯಿತು.

ಈ ಉಳಿತಾಯವನ್ನು ಸಣ್ಣದೆಂದು ತಳ್ಳಿಹಾಕುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. 100 ರೂಪಾಯಿ ವರ್ಷಕ್ಕೆ ಶೇ 10ರಂತೆ ಬೆಳೆದರೆ 30 ವರ್ಷದಲ್ಲಿ ಸುಮಾರು 1,745 ಆಗುತ್ತದೆ. ಶುಲ್ಕವೆಂದು ವರ್ಷಕ್ಕೆ ಶೇ 1 ಕಳೆದು ಶೇ 9ರಂತೆ ಬೆಳೆದರೆ 1,327. ಗಂಟಿನ ಕಾಲುಭಾಗವೇ ಹೋಯಿತು! ಚಕ್ರಬಡ್ಡಿ ನಮ್ಮ ಪರವಾಗಿ ದುಡಿಯುವಷ್ಟೇ ನಿಷ್ಠೆಯಿಂದ ಶುಲ್ಕದ ಪರವಾಗಿಯೂ ದುಡಿಯುತ್ತದೆ.

ಜಾಣ ಫಂಡ್ ಮ್ಯಾನೇಜರ್ ಆ ಶೇ 1ನ್ನು ದುಡಿದುಕೊಡುವುದಿಲ್ಲವೇ? ಕೆಲವರು ಕೊಡುತ್ತಾರೆ. ಆದರೆ ಪೇಟೆಯ ಸರಾಸರಿ ಎಂದರೆ ಹೂಡಿದವರೆಲ್ಲರ ಸರಾಸರಿ. ಒಬ್ಬ ಮುಂದೆ ಹೋಗಬೇಕಾದರೆ ಇನ್ನೊಬ್ಬ ಹಿಂದೆ ಬೀಳಲೇಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವಂತೆ ಈ ವರ್ಷ ಗೆದ್ದವನೇ ಮುಂದಿನ ವರ್ಷವೂ ಗೆಲ್ಲುವುದು ಅಪರೂಪ.

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ 2008ರಲ್ಲಿ ಹತ್ತು ವರ್ಷಕ್ಕೆ ಪಂಥ ಕಟ್ಟಿದರು: ಒಂದು ಕಡೆ ಎಸ್ ಅಂಡ್ ಪಿ 500 (ಅಮೆರಿಕದ 500 ದೊಡ್ಡ ಕಂಪನಿಗಳ ಸೂಚ್ಯಂಕ) ಇಂಡೆಕ್ಸ್ ಫಂಡ್, ಇನ್ನೊಂದು ಕಡೆ ಪರಿಣತರು ಆರಿಸಿದ ಐದು ಹೆಡ್ಜ್ ಫಂಡ್ (ಸಿರಿವಂತರ ಹಣವನ್ನು ದುಬಾರಿ ಶುಲ್ಕಕ್ಕೆ ನಿರ್ವಹಿಸುವ ಫಂಡ್) ಗುಚ್ಛಗಳು. ಮೊದಲ ವರ್ಷವೇ ಇಂಡೆಕ್ಸ್ ಫಂಡ್ ಶೇ 37ರಷ್ಟು ಕುಸಿದು ಐದಕ್ಕಿಂತಲೂ ಹಿಂದೆ ಬಿತ್ತು. ಹತ್ತನೇ ವರ್ಷದ ಕೊನೆಗೆ ಅದರ ಒಟ್ಟು ಗಳಿಕೆ ಶೇ 125 ದಾಟಿತ್ತು; ಐದರಲ್ಲಿ ಒಂದೂ ಅದರ ಹತ್ತಿರ ಸುಳಿಯಲಿಲ್ಲ.

ವಿರೋಧ

ಮೇಲಿನ ಲೆಕ್ಕದಲ್ಲಿ ತಪ್ಪಿಲ್ಲ. ಶುಲ್ಕದ ಮಾತಂತೂ ಪ್ರಶ್ನಾತೀತ. ನನ್ನ ತಕರಾರು ‘ಮರೆತುಬಿಡಿ’ ಅನ್ನುವುದರ ಬಗ್ಗೆ.

ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915 ಮುಟ್ಟಿತ್ತು. ಆ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 1989ರಲ್ಲಿ 55 ವರ್ಷದವನಾಗಿದ್ದವನಿಗೆ ಆಗ 89. (ಲಾಭಾಂಶ ಸೇರಿಸಿದರೆ ಚೇತರಿಕೆ ಸ್ವಲ್ಪ ಬೇಗ ಬಂತು, ಒಪ್ಪೋಣ. ‘ಸ್ವಲ್ಪ’ ಅಷ್ಟೇ.) ಅದು ಜಪಾನಿನ ಕಥೆ ಎನ್ನುವವರು 2000ದಿಂದ 2009ರವರೆಗಿನ ಎಸ್ ಅಂಡ್ ಪಿ 500 ನೋಡಲಿ. ಲಾಭಾಂಶ ಸೇರಿಸಿದ ಮೇಲೂ ಹತ್ತು ವರ್ಷಕ್ಕೆ ನಷ್ಟವೇ.

ತಿಂಗಳ ಕಂತು ಕಟ್ಟಿದರೆ ಏರಿಳಿತ ಸರಿಹೋಗುತ್ತದೆ ಎಂಬ ಸಮಾಧಾನವೊಂದಿದೆ. ಅದು ಶುರುವಿನ ವರ್ಷಗಳಿಗೆ ಮಾತ್ರ ನಿಜ. ತಿಂಗಳಿಗೆ 100 ರೂಪಾಯಿಯಂತೆ ಶೇ 10ರ ಬೆಳವಣಿಗೆಯಲ್ಲಿ 30 ವರ್ಷ ಕಟ್ಟಿದವನ ಗಂಟು ಸುಮಾರು 2 ಲಕ್ಷ. ಆಗ ಪೇಟೆ ಅರ್ಧಕ್ಕಿಳಿದರೆ ಹೋಗುವುದು ಒಂದು ಲಕ್ಷ. ಅಗ್ಗದಲ್ಲಿ ಕೊಳ್ಳಲು ಕೈಯಲ್ಲಿರುವುದು ಆ ವರ್ಷದ 1,200. ಸಂಬಳ ನಿಂತು, ಅದೇ ಗಂಟಿನಿಂದ ತೆಗೆದು ತಿನ್ನಬೇಕಾದವನ ಪಾಡು ಇನ್ನೂ ಕಷ್ಟ: ಇಳಿದ ಬೆಲೆಗೆ ಮಾರಿದ ಯೂನಿಟ್ಟುಗಳು ಪೇಟೆ ಏರಿದಾಗ ವಾಪಸ್ ಬರುವುದಿಲ್ಲ.

ಎಲ್ಲ ಕಂಪನಿಗಳಲ್ಲೂ ಹರಡಿದ ಹಣ ಎಂಬ ಮಾತೂ ಪೂರ್ತಿ ನಿಜವಲ್ಲ. ಮಾರುಕಟ್ಟೆ ಮೌಲ್ಯಕ್ಕೆ ತಕ್ಕಂತೆ ಪಾಲು ಹಂಚುವುದರಿಂದ, 2024ರ ಕೊನೆಗೆ 500 ಕಂಪನಿಗಳ ಆ ಸೂಚ್ಯಂಕದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಹತ್ತೇ ಕಂಪನಿಗಳದಾಗಿತ್ತು.

ಇನ್ನು ಮನಸ್ಸಿನ ವಿಷಯ. 2007ರ ಅಕ್ಟೋಬರಿನಿಂದ 2009ರ ಮಾರ್ಚ್‌ವರೆಗೆ ಹದಿನೇಳು ತಿಂಗಳಲ್ಲಿ ಅದೇ ಸೂಚ್ಯಂಕ ಶೇ 57ರಷ್ಟು ಬಿದ್ದಿತು. ಮೂವತ್ತು ವರ್ಷದ ಗ್ರಾಫಿನಲ್ಲಿ ಅದು ಬೆರಳುಗುರಿನಷ್ಟು ಅಗಲದ ತಗ್ಗು. ಆ ಹದಿನೇಳು ತಿಂಗಳಲ್ಲಿ ಕೆಲಸವೂ ಹೋಗಿ, ಪ್ರತಿ ರಾತ್ರಿ ಫೋನಿನಲ್ಲಿ ಕರಗುತ್ತಿರುವ ಮೊತ್ತ ನೋಡುತ್ತ ಕೂತವನಿಗೆ ‘ಮುಟ್ಟಬೇಡ’ ಎನ್ನುವುದು ಸುಲಭ. ಮುಂದಿನ ಮೂರು ವರ್ಷದ ಮನೆಖರ್ಚನ್ನು ಅವನು ಮೊದಲೇ ಷೇರಿನಿಂದ ಹೊರಗಿಟ್ಟಿದ್ದನೇ ಎಂದು ಯಾರೂ ಕೇಳಿರುವುದಿಲ್ಲ.