ಗಡಿ ದಾಟುವಾಗ ಕೀಲಿ ಬಿಡಿ
ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕದಲ್ಲಿ ಅವತಾರ್, ಅಂದರೆ ನಮ್ಮ ಪರವಾಗಿ ಓಡಾಡುವ ಬೊಂಬೆ, ನಡೆಸಲು ಕೀಬೋರ್ಡಿನ ಬಾಣದ ಕೀಲಿ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಡೆಯೋಕೇನೋ ಸಾಕು, ಆದರೆ ಹೊಸಬರು ಎಡವೋದು ಬೇರೆ ಕಡೆ. ಅಲ್ಲಿನ ಒಂದೊಂದು ರೀಜನ್, ಅಂದರೆ ನೆಲದ ತುಂಡು, 256 ಮೀಟರ್ ಉದ್ದ, ಅಷ್ಟೇ ಅಗಲ. ಗಡಿ ದಾಟಿದ ಕೂಡಲೇ ನಮ್ಮ ಅವತಾರನ್ನು ಈ ರೀಜನ್ ನಡೆಸುವ ಸಿಮ್ಯುಲೇಟರ್ (ಸರ್ವರ್‌ನಲ್ಲಿರುವ ಪ್ರೋಗ್ರಾಂ) ಪಕ್ಕದ ರೀಜನ್‌ನ ಸಿಮ್ಯುಲೇಟರ್‌ಗೆ ಒಪ್ಪಿಸಬೇಕು. ಆ ಗಳಿಗೆಯಲ್ಲಿ ಕೀಲಿ ಒತ್ತಿಯೇ ಹಿಡಿದರೆ ಅವತಾರ್ ಹಿಡಿತಕ್ಕೆ ಸಿಗದೆ ಮುಂದಕ್ಕೆ ಜಾರುತ್ತಲೇ ಹೋಗುತ್ತೆ, ಕೆಲವು ಸಲ ನೆಲದೊಳಕ್ಕೂ ಇಳಿದುಬಿಡುತ್ತೆ. ಮೊದಲ ಸಲ ಹೀಗಾದಾಗ ನನಗೆ ನಿಜಕ್ಕೂ ಗಾಬರಿಯಾಗಿತ್ತು. ಗಡಿ ಹತ್ತಿರ ಬಂದಾಗ ಬೆರಳು ತೆಗೆದು ಎರಡು ಕ್ಷಣ ತಾಳಿ. ಹಾರುವಾಗ ಪೇಜ್ ಅಪ್ ಮೇಲಕ್ಕೆ, ಪೇಜ್ ಡೌನ್ ಕೆಳಕ್ಕೆ. ಡಬ್ಲ್ಯೂ ಒತ್ತಿದರೆ ನಡೆಯದೆ ಚಾಟ್‌ನಲ್ಲಿ ಅಕ್ಷರ ಬೀಳುತ್ತಿದ್ದರೆ, ಪ್ರಿಫರೆನ್ಸಸ್‌ಗೆ ಹೋಗಿ ಅಕ್ಷರದ ಕೀಲಿಗಳನ್ನು ಚಲನೆಗೆ ಬದಲಿಸಿಕೊಳ್ಳಿ. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.